ಎತ್ತಿನ ಬದಲು ತಿಪ್ಪೆ ಕೇಳಿದವಳು

ಮೊನ್ನೆ ಬಳ್ಳಾರಿಯಲ್ಲಿ ಹೂಕುಂಡಕ್ಕೆಂದು ಗೊಬ್ಬರದ ಚೀಲ ತಂದೆ. ಬಾಯಿ ಬಿಚ್ಚಿದೊಡನೆ ಹಳೆಯ ಸಗಣಿಯ ವಾಸನೆ... ಒಣ ಮಣ್ಣಿನಂಥದು, ತುಸು ಬೆಚ್ಚಗಿನದು. ಅಲ್ಲೇ ಕೂತುಬಿಟ್ಟೆ.

ಎಪ್ಪತ್ತರ ದಶಕದಲ್ಲಿ ನಾನು ಕುರುಗೋಡಿನ ಶಾಲೆಗೆ ಹೊಸದಾಗಿ ಸೇರಿದ ಟೀಚರು. ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮೈದುನರು ಪಾಲಿಗೆ ಕೂತ ದಿನ ಅವಳಿಗೆ ಬಂದದ್ದು ಊರಾಚೆಯ ಮಸಾರಿ ಹೊಲ. ಕೆಂಪು ನೆಲ, ತುಂಬ ಕಲ್ಲು, ಮಳೆ ಬಿಟ್ಟರೆ ನೀರಿಲ್ಲ. ಜೊತೆಗೊಂದು ಎತ್ತು. ಅಕ್ಕ ಬಾಗಿಲಿಗೆ ಬಂದು, ಪಾಲು ಮಾಡಲು ಕೂತಿದ್ದ ಊರ ಹಿರಿಯರಿಗೆ ಹೇಳಿದಳು:

"ಎತ್ತು ಅವರೇ ಇಟ್ಕೊಳ್ಳಿ. ಹಿತ್ತಲದಾಗಿನ ತಿಪ್ಪಿ ನನಗ ಬಿಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ವರ್ಷಗಟ್ಟಲೆ ಕೊಟ್ಟಿಗೆ ಗುಡಿಸಿ, ಸಗಣಿ, ಕುರಿಹಿಕ್ಕೆ, ಬೂದಿ ಸುರಿದು ಆ ತಿಪ್ಪೆ ಬೆಳೆಸಿದವಳು ಅವಳೇ ಎಂಬುದು ನನಗೆ ಹೊಳೆಯಲಿಲ್ಲ.

"ಎತ್ತು ಯಾರನ್ನರ ಬೇಡಿ ತರಬೌದು ಟೀಚರಮ್ಮ. ಗೊಬ್ಬರ ಯಾರು ಕೊಡ್ತಾರ?" ಎಂದಳು ಆಮೇಲೆ.

ಗೊಬ್ಬರ ಹೊಲಕ್ಕೆ ಸಾಗಿಸಲು ಮೈದುನರು ಬಂಡಿ ಕೊಡಲಿಲ್ಲ. ಬೇಸಿಗೆಯೆಲ್ಲ ಬುಟ್ಟಿಯಲ್ಲಿ ಹೊತ್ತಳು. ಮುಂಗಾರು ಹತ್ತಿರವಾದಾಗ, ತಿಪ್ಪೆಯ ತಳ ತೋಡುತ್ತಿದ್ದವಳ ಹಿಮ್ಮಡಿಗೆ ತುಕ್ಕು ಹಿಡಿದ ತಗಡು ಹೊಕ್ಕಿತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಳು.

"ಅಕ್ಕ, ದವಾಖಾನಿಗೆ ಹೋಗಿ ಸೂಜಿ ಮಾಡಿಸ್ಕೋರಿ," ಎಂದೆ.

"ಮಳಿ ಬರೋದ್ರಾಗ ಗೊಬ್ಬರ ಹರವಬೇಕು. ಬಿತ್ತಿ ಹೋಗ್ತೀನಿ, ಬಿಡ್ರಿ."

ನಾನು ಮತ್ತೆ ಹೇಳಲಿಲ್ಲ. ಶಾಲೆಗೆ ಹೊತ್ತಾಗಿತ್ತು...

ಮಳೆ ಬಂತು. ಅಲಸಂದೆ ಬಿತ್ತಿದಳು. ಮೊಳಕೆಯೊಡೆದ ದಿನ ನನ್ನನ್ನು ಹೊಲಕ್ಕೆ ಕರೆದೊಯ್ದು ತೋರಿಸಿದಳು. ಮಾತಾಡುವಾಗ ದವಡೆ ಬಿಗಿಯುತ್ತಿತ್ತು. "ಗಾಳಿ ಹೊಡದೈತಿ," ಎಂದು ನಕ್ಕಳು. ಮರುದಿನ ಬಾಯಿ ತೆರೆಯಲಾಗಲಿಲ್ಲ, ಬೆನ್ನು ಬಿಲ್ಲಾಯಿತು. ಬಳ್ಳಾರಿಗೆ ಸಾಗಿಸಿದೆವು. ಧನುರ್ವಾಯು, ತಡವಾಗಿದೆ ಎಂದರು ಡಾಕ್ಟರು. ಮೂರನೇ ದಿನ ಹೋಗಿಬಿಟ್ಟಳು.

ಆ ವರ್ಷ ಮಳೆ ನಡುವೆಯೇ ಕೈಕೊಟ್ಟಿತು. ಸುತ್ತಲಿನ ಹೊಲಗಳು ಬಾಡಿದವು. ಗೊಬ್ಬರ ಉಂಡ ಅಕ್ಕನ ಹೊಲ ಮಾತ್ರ ಹಸಿ ಹಿಡಿದು ನಿಂತು, ಬಳ್ಳಿ ತುಂಬ ಕಾಯಿ ಬಿಟ್ಟಿತು. ಕಿರಿಯ ಮೈದುನ ಒಂದು ಮೊರ ಅಲಸಂದೆ ತಂದು ನಮ್ಮ ಕಟ್ಟೆಯ ಮೇಲಿಟ್ಟ. ತಲೆ ಎತ್ತಲಿಲ್ಲ.

"ಬಂಡಿ ಕೊಡಬೇಕಿತ್ರಿ ನಾವು," ಎಂದ.

ನಾನು ಮೊರ ಎತ್ತಿ ಒಳಗಿಟ್ಟೆ.

ಈಗ ನನಗೆ ಅವಳ ಆಗಿನ ವಯಸ್ಸಿನ ಎರಡು ಪಟ್ಟು. ಅವಳ ಮಾತು ಬಂದಾಗೆಲ್ಲ, "ನಾನು ಹೇಳಿದ್ದೆ, ಅವಳೇ ಕೇಳಲಿಲ್ಲ," ಎನ್ನುತ್ತ ಬಂದಿದ್ದೇನೆ. ಹೇಳಿದ್ದು ನಿಜ. ಒಂದೇ ಸಲ. ದವಾಖಾನೆ ನಾನು ದಿನಾ ನಡೆಯುತ್ತಿದ್ದ ಶಾಲೆಯ ದಾರಿಯಲ್ಲೇ ಇತ್ತು.