ಕೆನ್ನೆಯಿಟ್ಟು ಮರ ನೋಡುವ ಅಕ್ಕ

ಬೆಳಗಿನ ಐದೂವರೆ. ಅಂಧರ ತರಬೇತಿ ಶಾಲೆಯ ಮೆಟ್ಟಿಲ ಮೇಲೆ ಕೂತ ಹೆಂಗಸೊಬ್ಬರು ಹೊಸದಾಗಿ ಕೂರಿಸಿದ ಮರದ ರೇಲಿಂಗಿಗೆ ಉಪ್ಪುಕಾಗದ ತಿಕ್ಕುತ್ತಿದ್ದಾರೆ. ತಿಕ್ಕಿ, ಧೂಳು ಊದಿ, ಆಮೇಲೆ ಅದರ ಮೇಲೆ ಕೆನ್ನೆಯಿಟ್ಟು ಮೆಲ್ಲಗೆ ಜಾರಿಸುತ್ತಾರೆ. ಮರಗೆಲಸದ ಅಂಗಡಿಯಲ್ಲಿ ಇವರು ಎಲ್ಲರಿಗೂ ಪಾಲಿಶ್ ಅಕ್ಕ.

"ಹೆಸರಿಗಷ್ಟೇ ಉಪ್ಪು. ನೆಕ್ಕಿ ನೋಡಿದ್ರೆ ನಾಲಿಗೆ ಕಿತ್ತು ಬರುತ್ತೆ" ಎಂದು ನಗುತ್ತಾರೆ. ಉಪ್ಪಿನ ಹರಳಿನಂಥ ಪುಡಿ ಅಂಟಿಸಿದ ಕಾಗದ ಅದು. ಎಂಬತ್ತು ನಂಬರಿನದು ಒರಟು, ಇನ್ನೂರಿಪ್ಪತ್ತರದು ನಯ. ಮರದ ಎಳೆ ಹೋದ ಕಡೆಗೇ ತಿಕ್ಕಬೇಕು, ಅಡ್ಡ ತಿಕ್ಕಿದರೆ ಗೀರು ಬೀಳುತ್ತದೆ. ದಿನಕ್ಕೆ ಹದಿನೈದು ಹಾಳೆಯಂತೆ ಅಕ್ಕ ಇಪ್ಪತ್ತಾರು ವರ್ಷ ತಿಕ್ಕಿದ್ದಾರೆ.

ತಿಕ್ಕಿ ತಿಕ್ಕಿ ಬೆರಳ ತುದಿ ಜಡ್ಡುಗಟ್ಟಿದೆ. ಹೋದ ವರ್ಷ ಕುರ್ಚಿಯ ಸಿಬಿರೊಂದು ಅವರ ಬೆರಳಿಗೆ ತಿಳಿಯದೆ ಗಿರಾಕಿಯ ಅಂಗೈಗೆ ಚುಚ್ಚಿತು. ಕೆಲಸ ಹೋಯಿತೆಂದೇ ಅಂದುಕೊಂಡಿದ್ದರು. ಅಂಗಡಿಯ ಯಜಮಾನರು ಬೈಯಲಿಲ್ಲ. "ಬೆರಳು ಕೈಕೊಟ್ರೆ ಏನಾಯ್ತಕ್ಕಾ, ಕೆನ್ನೆ ಇದೆಯಲ್ಲ" ಅಂದರು. ಅಂದಿನಿಂದ ಅಕ್ಕ ತಿಕ್ಕಿದ ಮರಕ್ಕೆಲ್ಲ ಕೆನ್ನೆಯಿಟ್ಟೇ ನೋಡುತ್ತಾರೆ.

ಆದರೂ ಅಳುಕು ಹೋಗಿಲ್ಲ. ಇಲ್ಲಿರುವ ನಲವತ್ತು ಜನರಿಗೆ ರೇಲಿಂಗೇ ದಾರಿ. ಒಬ್ಬರ ಕೈಗೆ ತರಿ ಸಿಕ್ಕರೂ ಕೆಲಸ ಬಿಡುತ್ತೇನೆಂದು ಸೊಸೆಗೆ ಹೇಳಿ ಬಂದಿದ್ದಾರೆ.

ಆರೂವರೆಗೆ ಮೊದಲಿಗರಾಗಿ ಸಂಗೀತದ ಮೇಷ್ಟ್ರು ಇಳಿದು ಬರುತ್ತಾರೆ. ಶಾಲೆಯ ಉಳಿದವರಂತೆ ಅವರಿಗೂ ಕಣ್ಣು ಕಾಣದು. ಮೂರನೇ ಮೆಟ್ಟಿಲಲ್ಲಿ ನಿಲ್ಲುತ್ತಾರೆ.

"ಅಕ್ಕಾ, ಇಲ್ಲಿ ಕೆಳಗಡೆ ಸ್ವಲ್ಪ ತರಿತರಿ ಅಂತಿದೆ."

ಅಕ್ಕನ ಮುಖ ಬಾಡುತ್ತದೆ. ರೇಲಿಂಗಿನ ಅಡಿಭಾಗ! ಹಿಡಿಯುವಾಗ ಬೆರಳು ಮಡಚಿಕೊಳ್ಳುವುದೇ ಅಲ್ಲಿ, ಕೆನ್ನೆ ಮುಟ್ಟದಿರುವುದೂ ಅಲ್ಲೇ.

"ಹಾಗಾದ್ರೆ ನನ್ನ ಕೆಲಸ ಮುಗೀತು ಮೇಷ್ಟ್ರೇ. ನಾಳೆಯಿಂದ ಬರಲ್ಲ."

"ಬಿಡೋದು ಆಮೇಲೆ ನೋಡೋಣ. ಮೊದಲು ಕಾಗದ ತಗೊಳ್ಳಿ. ನಾನು ಬೆರಳಿಟ್ಟು ಹೇಳ್ತೀನಿ, ನೀವು ತಿಕ್ಕಿ."

ಮೇಷ್ಟ್ರು ಹುಡುಕುತ್ತಾರೆ, ಅಕ್ಕ ತಿಕ್ಕುತ್ತಾರೆ. ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತಾರೆ. ಐದು ಕಡೆ ತರಿ ಸಿಕ್ಕಿ, ಐದೂ ಕಡೆ ಹೋಗುತ್ತದೆ. ತಿಂಡಿಯ ಗಂಟೆ ಬಾರಿಸಿದಾಗ ಎಲ್ಲರೂ ರೇಲಿಂಗ್ ಹಿಡಿದು ಇಳಿಯುತ್ತಾರೆ. ಅಕ್ಕ ಗೋಡೆಗೆ ಒತ್ತಿ ನಿಂತು ಒಂದೊಂದೇ ಕೈ ನೋಡುತ್ತಾರೆ. ಯಾವ ಕೈಯೂ ಹಿಂದೆ ಸರಿಯುವುದಿಲ್ಲ.

"ಮೇಲಿನ ಮಹಡಿದು ಯಾವಾಗ ಶುರು ಮಾಡೋಣ?" ಎಂದು ಮೇಷ್ಟ್ರು ಕೇಳುತ್ತಾರೆ.

"ನಾಳೆಯಿಂದಲೇ" ಎನ್ನುತ್ತಾರೆ ಅಕ್ಕ.

ಈ ಬರಹದ ಜೊತೆ ಹಾಕಲೆಂದು ನಾನು ಫೋಟೋ ತೆಗೆಯಲು ಹೋದರೆ ಅಕ್ಕನ ಧೂಳು ಮೆತ್ತಿದ ಕೈ ಅಡ್ಡ ಬರುತ್ತದೆ. "ನನ್ನ ಫೋಟೋ ಬೇಡಪ್ಪ. ಮೇಷ್ಟ್ರಿಂದ ದೊಡ್ಡ ಉಪಕಾರ ಆಯ್ತು ಅಂತ ಹಾಕಿ. ಶಾಲೇಲಿ ಯಾರಾದ್ರೂ ಅವರಿಗೆ ಓದಿ ಹೇಳ್ತಾರೆ. ಅವರ ಕಿವಿಗೆ ಬಿದ್ರೆ ಸಾಕು ನನಗೆ."