ಗೂಟದ ಮೇಲಿನ ಕೆಂಪು ಬೈರಾಸು

ನಾನು ಶಾಲೆ ಬಿಟ್ಟದ್ದು ೧೯೫೩ರಲ್ಲಿ, ಐದನೇ ಕ್ಲಾಸಿನ ನಡುವೆ. ಮಾಸ್ತರರಿಗೆ ಬೇಸರವಾಗಲಿಲ್ಲ, ನನಗೂ ಆಗಲಿಲ್ಲ. ಆಮೇಲೆ ಹತ್ತು ವರ್ಷ ಬೆಳ್ತಂಗಡಿ ಕಡೆಯ ರಸ್ತೆಗಳಿಗೆ ಜಲ್ಲಿ ಹೊತ್ತೆ. ನಾನು ಕೂರಿಸಿದ ಜಲ್ಲಿ ಎದ್ದದ್ದನ್ನು ತೋರಿಸುವವರಿದ್ದರೆ ಈಗಲೂ ಬರಲಿ, ಚಾ ಕುಡಿಸುತ್ತೇನೆ.

ತಿರುವಿನ ಕೆಲಸ ಸಿಕ್ಕಿದ್ದು ಅದರ ನಂತರ. ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವಾಗ ಒಂದು ಕಡೆ ಗುಡ್ಡ ಕಡಿದು ರಸ್ತೆ ಮಾಡಿದ್ದರು. ಒಂದು ಬಸ್ಸಿಗೆ ಸಾಕು, ಎರಡಕ್ಕೆ ಜಾಗವಿಲ್ಲ. ಆಚೆಯಿಂದ ಬರುವುದು ಈಚೆಯವನಿಗೆ ಕಾಣುವುದಿಲ್ಲ. ಎರಡು ಬಸ್ಸು ಮೂತಿಗೆ ಮೂತಿ ಗುದ್ದಿ, ಒಂದು ಮರದ ಲಾರಿ ಚರಂಡಿಗೆ ಮಗುಚಿದ ಮೇಲೆ ರಸ್ತೆಯ ಓವರ್ಸಿಯರರಿಗೆ ಬುದ್ಧಿ ಬಂತು. ತಿರುವಿನ ನಡುವೆ ನಾನು ನಿಲ್ಲಬೇಕು, ಒಂದು ಕಡೆಗೆ ಕೆಂಪು ಬಟ್ಟೆ, ಇನ್ನೊಂದು ಕಡೆಗೆ ಹಸುರು ತೋರಿಸಬೇಕು. ಮೂರು ತಿಂಗಳು ಪರೀಕ್ಷೆ. ಉಪಯೋಗ ಕಂಡರೆ ಕೆಲಸ ಖಾಯಂ, ಇಲ್ಲದಿದ್ದರೆ ಪುನಃ ಜಲ್ಲಿ. ಹೆಂಡತಿ ಮೊದಲ ವಾರವೇ ಊರಿಡೀ ಖಾಯಂ ಎಂದು ಹೇಳಿ ಬಂದಿದ್ದಳು.

ಮೂರು ತಿಂಗಳಲ್ಲಿ ಅಲ್ಲಿ ಒಂದು ಕೋಳಿಯೂ ಸಾಯಲಿಲ್ಲ. ಓವರ್ಸಿಯರರು ಜೀಪಿನಿಂದ ಇಳಿದರು.

"ಏನೂ ಆಗ್ಲಿಲ್ವಾ?"

"ಒಂದು ಗೀರೂ ಇಲ್ಲ ಸ್ವಾಮಿ."

"ಏನೂ ಆಗದ ಜಾಗಕ್ಕೆ ಆಳು ಯಾಕೆ ಅಂತ ಮೇಲಿನವರು ಕೇಳ್ತಾರೆ."

"ನಾನು ನಿಂತದ್ದಕ್ಕೇ ಆಗದ್ದು."

"ಅದಕ್ಕೆ ಸಾಕ್ಷಿ ಉಂಟಾ?"

ಗುದ್ದಿದ ಬಸ್ಸನ್ನಾದರೆ ತೋರಿಸಬಹುದು. ಗುದ್ದದ ಬಸ್ಸು ಆಗಲೇ ಮೂಡಬಿದಿರೆ ಮುಟ್ಟಿ, ಡ್ರೈವರು ಊಟಕ್ಕೆ ಕೂತಿರುತ್ತಾನೆ.

ಅಷ್ಟರಲ್ಲಿ ಪಕ್ಕದ ಚಾ ಅಂಗಡಿಯವ ಬಾಯಿ ಹಾಕಿದ. "ಇವನು ಗಂಜಿಗೆ ಬರುವಾಗ ತಿರುವಿನಲ್ಲಿ ಒಂದು ಗೂಟ ನೆಟ್ಟು ಅದಕ್ಕೆ ಕೆಂಪು ಬೈರಾಸು ಸಿಕ್ಕಿಸಿ ಬರ್ತಾನೆ ಸ್ವಾಮಿ. ಆಗಲೂ ಏನೂ ಆಗ್ಲಿಲ್ಲ."

ಹಾರ್ನ್ ಕೇಳಿದರೆ ನಾನು ಗಂಜಿ ಬಿಟ್ಟು, ಹೆಗಲಿಗೆ ಹಾಕುವ ಆ ಟವೆಲನ್ನು ಗೂಟದಿಂದ ಕಿತ್ತು ಬಸ್ಸು ಬಿಡಲು ಓಡುತ್ತಿದ್ದೆ. ಅದನ್ನು ಮಾತ್ರ ಆ ಪುಣ್ಯಾತ್ಮ ಹೇಳಲಿಲ್ಲ. ಓವರ್ಸಿಯರರ ಮುಖ ಅರಳಿತು. ಗೂಟಕ್ಕೆ ಸಂಬಳ ಬೇಡ, ಜ್ವರ ಬರುವುದಿಲ್ಲ. "ಒಂದು ವಾರ ಗೂಟವೇ ಇರ್ಲಿ. ನೀನು ಅಂಗಡಿಯಲ್ಲಿ ಕೂತು ದಿನಾ ಏನಾಯ್ತು ಅಂತ ಪುಸ್ತಕದಲ್ಲಿ ಬರಿ. ಕೈ ಹಾಕ್ಬೇಡ."

ಆಯಿತು, ಕೂತೆ. ಬೈರಾಸು ಎರಡೂ ಕಡೆಗೆ ಕೆಂಪು. ಬಂಟ್ವಾಳದ ಬಸ್ಸು ಆಚೆ ನಿಂತಿತು, ಮೂಡಬಿದಿರೆಯದ್ದು ಈಚೆ. ಡ್ರೈವರುಗಳು ನಡೆದು ಬಂದು ಗೂಟದ ಬುಡದಲ್ಲಿ ಎದುರಾದರು.

"ನೀನು ಹಿಂದೆ ತೆಗಿ ಮಾರಾಯ."

"ಮೊದಲು ಬಂದದ್ದು ನಾನು. ನಿನ್ನ ಗಾಡಿಗೆ ರಿವರ್ಸು ಇಲ್ವಾ?"

"ಉಂಟು. ನಿನಗೋಸ್ಕರ ಹಾಕ್ಲಿಕ್ಕೆ ಅಲ್ಲ."

ಎರಡೂ ಬೇರೆ ಬೇರೆ ಕಂಪೆನಿಯ ಬಸ್ಸು. ಹಿಂದೆ ತೆಗೆದರೆ ಮರ್ಯಾದೆ ಹೋಯಿತು. ಜನರೆಲ್ಲ ಇಳಿದು ಚಾ ಕುಡಿದರು, ಅಂಗಡಿಯ ಬನ್ನು ಮುಗಿಯಿತು. ಅಂಗಡಿಯವ ಗೂಟಕ್ಕೆ ಕೈ ಮುಗಿಯುವುದೊಂದು ಬಾಕಿ. ನಾನು ಬರೆದೆ: ಅಪಘಾತ ಇಲ್ಲ. ದಿನಾ ಅದೇ ಕತೆ, ದಿನಾ ಅದೇ ಬರಹ.

ವಾರ ಕಳೆದು ಓವರ್ಸಿಯರರು ಪುಸ್ತಕ ನೋಡಿದರು. "ಕಂಡಿಯಾ? ಗೂಟ ಸಾಕು." ಜೀಪು ಹತ್ತಿ ಮೂಡಬಿದಿರೆಗೆ ಹೊರಟರು. ಇಪ್ಪತ್ತು ಮಾರು ಹೋಗಲಿಲ್ಲ. ಮುಂದೆ ಒಂದು ಬಸ್ಸು, ಆಚೆಯಿಂದ ಇನ್ನೊಂದು, ನಡುವೆ ನನ್ನ ಬೈರಾಸು. ಹಿಂದೆ ಲಾರಿ ಬಂದು ನಿಂತಿತು. ಓವರ್ಸಿಯರರಿಗೆ ಮೂಡಬಿದಿರೆಯಲ್ಲಿ ದೊಡ್ಡ ಇಂಜಿನಿಯರರನ್ನು ಕಾಣಲಿಕ್ಕಿತ್ತು. ಅರ್ಧ ಗಂಟೆ ಬಿಸಿಲಲ್ಲಿ ಬೆಂದು ಅಂಗಡಿಗೆ ಓಡಿ ಬಂದರು.

"ಏ, ಆ ಗೂಟ ಕಿತ್ತು ಹಾಕು!"

"ಕೈ ಹಾಕ್ಬೇಡ ಅಂತ ನೀವೇ ಹೇಳಿದ್ದು. ಅಪಘಾತ ಇಲ್ಲ ಸ್ವಾಮಿ."

"ಬಸ್ಸೇ ಹೋಗದಿದ್ರೆ ಅಪಘಾತ ಎಲ್ಲಿಂದ ಆಗ್ತದೆ!"

"ಅದನ್ನು ಹಾಗೇ ಬರೆಯಲಾ?"

ಅವರು ನನ್ನನ್ನು ನೋಡಿದರು, ಲಾರಿಯ ಹಾರ್ನ್ ಕೇಳಿದರು. "ಹೋಗು, ನಿಲ್ಲು" ಎಂದರು. ಹೋದೆ. ಮೊದಲು ಬಸ್ಸುಗಳನ್ನು ಬಿಟ್ಟೆ, ಜೀಪನ್ನು ಅದರ ಸರದಿಯಲ್ಲಿ ಬಿಟ್ಟೆ. ಖಾಯಮ್ಮಿನ ಕಾಗದ ಮಳೆಗಾಲಕ್ಕೆ ಮೊದಲೇ ಬಂತು.

ಈಗ ನನಗೆ ಇರುವುದು ಇಷ್ಟು: ಹಂಚಿನ ಮನೆ ಒಂದು, ಹೆಂಡತಿ ಒಬ್ಬಳು, ಮಕ್ಕಳು ಮೂವರು, ಕೊಡೆ ಎರಡು, ತಿಂಗಳಿಗೊಂದು ಪೆನ್ಶನು, ದನದ ಹಟ್ಟಿಯ ಮೂಲೆಯಲ್ಲಿ ಆ ಗೂಟ.