ಕಮಲಕ್ಕನ ರಾತ್ರಿ ಗುಳಿಗೆ

ತೇರದಾಳದಲ್ಲಿ ಕಮಲಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಜೈನರು, ನಾವು ಲಿಂಗಾಯತರು. ಹೊತ್ತು ಮುಳುಗಿದ ಮೇಲೆ ಆಕೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವಳಲ್ಲ. ಸಣ್ಣಂದಿನಿಂದ ಹಿಡಿದ ನೇಮ. ಹಠದಲ್ಲಿ ಆಕೆಯನ್ನು ಮೀರಿಸುವವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಹಾಗಾಗಿ ನಮ್ಮಲ್ಲಿ ಜಗಳವೂ ಹೆಚ್ಚು, ಆದರೂ ಒಬ್ಬರನ್ನೊಬ್ಬರು ಬಿಟ್ಟಿರಲಾರೆವು.

ಮೂರು ವರ್ಷದ ಹಿಂದೆ ಆಕೆಯ ಕಿಡ್ನಿ ಸೋಲುತ್ತಿದೆ ಎಂದು ಗೊತ್ತಾಯಿತು. ಜಮಖಂಡಿಯ ಡಾಕ್ಟರು ಬಿಪಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ ಬರೆದರು. ಬಿಪಿ ಹದ್ದುಬಸ್ತಿನಲ್ಲಿದ್ದರೆ ಡಯಾಲಿಸಿಸ್ ದೂರ ಇಡಬಹುದು ಎಂದರು. ಆ ಹೆಸರು ಕೇಳಿದರೇ ಕಮಲಕ್ಕನಿಗೆ ಎದೆ ಝಲ್ಲೆನ್ನುತ್ತಿತ್ತು. ಸ್ವಂತ ಅಣ್ಣ ಆ ಮಷಿನ್ನಿಗೆ ಅಲೆದು ಸೊರಗಿದ್ದನ್ನು ಕಂಡವಳು. ಆದರೂ ಗುಳಿಗೆ ನುಂಗಲು ನೀರು ಬೇಕಲ್ಲ! ರಾತ್ರಿಯದನ್ನು ಹಾಗೇ ಇಟ್ಟು, ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದಳು. ಮನೆಯವರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ತಪಾಸಣೆಗೆ ನಾವಿಬ್ಬರೂ ಬೆಳಗಿನ ಬಸ್ಸಿಗೇ ಹೋಗುತ್ತಿದ್ದೆವು. ಎರಡು ಗುಳಿಗೆ ಹೊಟ್ಟೆಯಲ್ಲಿ ಇರುವ ಹೊತ್ತು, ಬಿಪಿ ಛಲೋ ಕಾಣುತ್ತಿತ್ತು. ರಕ್ತದ ರಿಪೋರ್ಟು ಮಾತ್ರ ಸಲದಿಂದ ಸಲಕ್ಕೆ ಕೆಡುತ್ತ ಬಂತು. ಡಾಕ್ಟರಿಗೂ ಬಗೆಹರಿಯಲಿಲ್ಲ.

ಕಳೆದ ತಿಂಗಳು ಡಾಕ್ಟರು ಬರುವುದು ತಡವಾಗಿ ನಮ್ಮ ಪಾಳಿ ಸಂಜೆಗೆ ಬಂತು. ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿಪಿ ಇನ್ನೂರರ ಹತ್ತಿರ. ಅಲ್ಲೇ ತೆಗೆಸಿದ ಎಕ್ಸ್‌ರೇಯಲ್ಲಿ ರಕ್ತನಾಳಗಳ ಗುಂಟ ಬಿಳಿ ಗೆರೆ, ಸುಣ್ಣ ಕೂತಿದೆ ಎಂದರು. ಕಿಡ್ನಿ ಸೋತರೆ ನಾಳ ಗಡುಸಾಗುತ್ತದೆ, ನಾಳ ಗಡುಸಾದರೆ ಬಿಪಿ ಏರುತ್ತದೆ, ಏರಿದ ಬಿಪಿ ಮತ್ತೆ ಕಿಡ್ನಿಯನ್ನೇ ಹೊಡೆಯುತ್ತದೆ ಎಂದು ಬಿಡಿಸಿ ಹೇಳಿದರು. ಕಬ್ಬಿನ ಹೊಲದ ಪೈಪು ಬಿಸಿಲಿಗೆ ಬಿರುಸಾಗುವ ಹಾಗೆ ಎಂದು ನಾನು ತಿಳಿದುಕೊಂಡೆ.

"ರಾತ್ರಿ ಗುಳಿಗಿ ಎಷ್ಟು ಗಂಟೇಕ ತಗೋತೀರಿ?" ಡಾಕ್ಟರು ಕೇಳಿದರು.

ಕಮಲಕ್ಕ ತಲೆ ತಗ್ಗಿಸಿದಳು. "ರಾತ್ರಿ ನಾನು ನೀರ ಕುಡಿಯೂದಿಲ್ರಿ. ಮುಂಜಾನಿ ಎರಡೂ ಕೂಡೇ ತಗೋತೇನ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಡಾಕ್ಟರು ಮಾತ್ರ ಬೈಯಲಿಲ್ಲ. "ಹೊತ್ತು ಮುಳುಗೂದ್ರೊಳಗ, ಸಂಜಿ ಊಟದ ಜೋಡಿ ತಗೋರಿ. ನಡೀತದ. ಮೊದಲ ಹೇಳಿದ್ರ ಆವಾಗನ ಹೊತ್ತು ಬದಲಿಸಿ ಬರದು ಕೊಡ್ತಿದ್ನಲ್ಲ."

ಇಷ್ಟೇ ಮಾತು ಬೇಕಾಗಿತ್ತು.

"ಗಡುಸಾದ ನರ ಮತ್ತ ಮೆತ್ತಗಾಗ್ತಾವೇನ್ರೀ?" ಕಮಲಕ್ಕ ಮೆಲ್ಲಗೆ ಕೇಳಿದಳು.

"ಇಲ್ರಿ. ಉಳಿದಷ್ಟು ಕಿಡ್ನಿ ಕಾಯೂಣು. ಆದ್ರ ಡಯಾಲಿಸಿಸ್‌ಗೆ ಈಗಿಂದ ತಯಾರಿ ಮಾಡ್ಕೋಬೇಕು."

ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ರೇಗಿದೆ. "ನೇಮ ನೇಮ ಅಂತ ಜೀವಕ್ಕ ಕುತ್ತು ತಂದ್ಕೊಂಡಿ ನೋಡ!"

ಕಮಲಕ್ಕ ನನ್ನ ಕೈ ಬಿಗಿಯಾಗಿ ಹಿಡಿದಳು. "ನೇಮ ಏನ್ ಮಾಡೇತಿ ರತ್ನಾ? ಡಾಕ್ಟರು ನೇಮ ಬಿಡು ಅಂದಾರು ಅಂತ ನಾನ ಅಂಜಿದೆ. ಅವರೇನು ಬಿಡು ಅನ್ನಲೇ ಇಲ್ಲ. ಮೂರು ವರ್ಷ ನಾನು ಕೇಳಲೇ ಇಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಆಕೆಯೇ ನನ್ನ ಕಣ್ಣು ಒರೆಸಿದಳು.